ನಮ್ಮ ನಾದಿನಿಯೂ ಏಳನೇ ದಿನದ ಜ್ವರವೂ

ನಮ್ಮ ನಾದಿನಿಗೆ ಜ್ವರವೆಂದರೆ ಪಂಚಪ್ರಾಣ! ತನ್ನ ಜ್ವರವಲ್ಲ ಮತ್ತೆ. ಆಕೆಗೆ ಜ್ವರ ಬಂದದ್ದನ್ನು ನಾನಂತೂ ಕಂಡಿಲ್ಲ. ಮಂದಿಯ ಮಕ್ಕಳಿಗೆ ಬರುವ ಜ್ವರ. ಅದರಲ್ಲೂ ದೇವಿ ಹಾಕಿಸಿದ ಮೇಲೆ, ಅಂದರೆ ಸಿಡುಬು ಬಾರದಿರಲೆಂದು ತೋಳಿಗೆ ಗೀರಿಸಿಕೊಂಡ ಮೇಲೆ ಬರುವ ಜ್ವರವಿದೆಯಲ್ಲ, ಅದು ಎಲ್ಲಿದ್ದರೂ ಆಕೆಗೆ ತಿಳಿಯುತ್ತಿತ್ತು. ದೇವದುರ್ಗದಲ್ಲಿ ಕೂತು ರಾಯಚೂರಿನ ಜ್ವರದ ವಾಸನೆ ಹಿಡಿಯುವ ಮೂಗು ಯಾರಿಗಾದರೂ ಇದ್ದೀತೇ? ಆಕೆಗಿತ್ತು!

ಆಕೆ ನಮ್ಮ ಮನೆಯವರ ಅಕ್ಕ. ಗಂಡ ದೇವದುರ್ಗದಲ್ಲಿ ಕಂಪೌಂಡರು. ಮಕ್ಕಳಿರಲಿಲ್ಲ. ಗಂಡನಿಂದ ಕಲಿತದ್ದು ಅರ್ಧ ವೈದ್ಯ, ತಾನೇ ಸೇರಿಸಿಕೊಂಡದ್ದು ಒಂದೂವರೆ ವೈದ್ಯ. ಇವೆರಡರ ಜೊತೆಗೆ ಒಂದು ಥರ್ಮಾಮೀಟರು. ಯುದ್ಧ ನಡೆದಿದ್ದ ಕಾಲ, ಸಕ್ಕರೆಗೂ ಸೀಮೆಎಣ್ಣೆಗೂ ರೇಷನ್ನು; ಅಂಥದರಲ್ಲಿ ಹೆಂಗಸಿನ ಕೈಯಲ್ಲಿ ಥರ್ಮಾಮೀಟರು! ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಅದನ್ನು ಹೊರಗಿಟ್ಟರೆ ಗೋಡೆಗೂ ಜ್ವರ ಬಂದಿದೆಯೆಂದು ತೋರಿಸುತ್ತದಂತೆ. ಅದಕ್ಕೇ ಬಂದ ಕೂಡಲೇ ಅದನ್ನು ನಮ್ಮ ನೀರಿನ ಗಡಿಗೆಯ ಕೆಳಗಿನ ಹಸಿ ಉಸುಕಿನಲ್ಲಿ ಹುಗಿದಿಡುತ್ತಿದ್ದಳು. ನಾನು ನೀರು ತುಂಬಲು ಹೋದರೆ, “ಸಾವಕಾಶ ತಂಗಿ, ಕೆಳಗ ಮಲಗೇದ ಅದು” ಎನ್ನುತ್ತಿದ್ದಳು. ನನ್ನ ಮನೆ, ನನ್ನ ಗಡಿಗೆ, ನಾನೇ ಸಾವಕಾಶ!

ಚಂದ್ರಬಂಡದಲ್ಲಿ ಒಂದು ಮದುವೆ. ಮದುಮಗನ ಮುಖ ಕೆಂಪಗಿದೆಯೆಂದು ಈಕೆ ಅಕ್ಷತೆ ಬೀಳುವ ಮೊದಲೇ ಹಂದರಕ್ಕೆ ನುಗ್ಗಿ ಅವನ ಬಾಯಿಗೆ ಗಾಜಿನ ಕಡ್ಡಿ ತುರುಕಿದಳು. ಹೆಣ್ಣಿನ ಕಡೆಯ ಹಿರಿಯರೊಬ್ಬರಿಗೆ ಕಣ್ಣು ಮಂಜು. “ಅಲ್ಲಲೇ, ಹಂದರದಾಗ ಬೀಡಿ ಸೇದಾಕತ್ತಾನಲ್ಲೋ!” ಎಂದು ಎದ್ದು ನಿಂತರು. “ಸುಮ್ನ ಕೂಡ್ರಿ ಯಪ್ಪಾ, ಎರಡ ಮಿನಿಟು” ಎಂದ ನಾದಿನಿ ವಾಲಗದವರನ್ನೂ ಸುಮ್ಮನಿರಿಸಿ, ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ ತೀರ್ಪು ಕೊಟ್ಟಳು: “ಜ್ವರಾ ಇಲ್ಲ, ನಾಚಿಕಿ ಅದ. ಕಟ್ರಿ ತಾಳಿ!”

ಇಂಥಾಕೆಗೆ ಜ್ವರದ ಗುಳಿಗೆ ಸಿಕ್ಕರೆ ಊರಿಗೆಲ್ಲ ಹಂಚುತ್ತಿದ್ದಳು ಎಂದುಕೊಂಡಿರಾ? ಇಲ್ಲ! ಗುಳಿಗೆಯ ವಿಷಯದಲ್ಲಿ ಆಕೆಯಷ್ಟು ಜಿಪುಣಿ ಇನ್ನೊಬ್ಬಳಿಲ್ಲ. ದೇವಿ ಹಾಕಿಸುವ ಮೊದಲು ಗುಳಿಗೆಯ ಮಾತೇ ಎತ್ತಕೂಡದು. ಆಮೇಲೆ ಮೈ ಬಿಸಿಯಾದರೂ ಕೂಸು ಆಡುತ್ತಿದ್ದರೆ ನೀರು, ಹಾಲು, ಹಸಿ ಬಟ್ಟೆ, ಅಷ್ಟೇ. ತಾಯಂದಿರು ಗಾಬರಿಯಾದರೆ, “ಜ್ವರಾ ಅಂದ್ರ ಬೀಗರಿದ್ದಂಗ. ಬಂದ ದಿನಾನ ಗಂಟು ಕೊಟ್ಟು ಕಳಸ್ತೀರೇನು? ಎರಡ ದಿನ ಇದ್ದು ತಾವ ಹೋಗತಾರ” ಎನ್ನುವಳು. ಕೂಸು ನೋವಿಗೆ ಹಟ ಹಿಡಿದು ನೀರೂ ಮುಟ್ಟದಿದ್ದರೆ ಮಾತ್ರ ಕಾಲು ಗುಳಿಗೆಯನ್ನು ಬೆಲ್ಲದ ನೀರಿನಲ್ಲಿ ತೇಯ್ದು ಕುಡಿಸುವಳು. ಕುಡಿಸಿದ ಕೂಡಲೇ ಸೆರಗಿನ ತುದಿಗೆ ಒಂದು ಗಂಟು. ಯಾಕೆಂದರೆ ತುಂಬಿದ ಮನೆಗಳಲ್ಲಿ ಅಜ್ಜಿಯದೊಂದು, ಚಿಕ್ಕಮ್ಮನದೊಂದು, ತಾಯಿಯದೊಂದು ಎಂದು ಒಂದೇ ಕೂಸಿಗೆ ಮೂರು ಗುಳಿಗೆ ಬಿದ್ದದ್ದನ್ನು ಆಕೆ ಕಂಡಿದ್ದಳು. ಗಂಟಿದ್ದರೆ ಕೊಟ್ಟಾಗಿದೆ, ಇನ್ನು ಯಾರೂ ಕೈ ಹಚ್ಚಬಾರದು.

ಬೀಗರನ್ನು ಎರಡು ದಿನಕ್ಕೆ ಕಳಿಸುವ ಈಕೆ ಮಾತ್ರ ನಮ್ಮ ಮನೆಗೆ ಬಂದರೆ ಹದಿನೈದು ದಿನ!

ಅದಿರಲಿ, ನನ್ನ ಸಂಕಟ ಬೇರೆ. ನನ್ನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆಯೆಂದು ಆಕೆಯೇ ಅವನ ಕಿವಿಯಲ್ಲಿ ಹೆಸರು ಹೇಳಿದಳು. ಹೆಸರಿಟ್ಟವಳ ಬೆನ್ನಿಗೆ ಉಳಿದವರು ಗುದ್ದುವುದು ಪದ್ಧತಿ. ನನ್ನ ಗುದ್ದು ಪದ್ಧತಿಗಿಂತ ತುಸು ಜೋರಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಂದಿನಿಂದ ಅವನು ಆಕೆಯವನೇ ಆಗಿಬಿಟ್ಟ. ನಾನು ತುಪ್ಪ ಹಾಕಿ ಕಲಸಿದ ಅನ್ನ ಉಗುಳುವ ಮಗ, ಆಕೆ ಕೊಟ್ಟ ಕಹಿಯನ್ನು ನಗುತ್ತ ಕುಡಿಯುತ್ತಿದ್ದ. ಆಕೆ ಹಣೆ ಮುಟ್ಟಿ “ನೂರು” ಎಂದರೆ ಕಡ್ಡಿಯೂ ಹೌದೆನ್ನುತ್ತಿತ್ತು. ನಾನು ಮುಟ್ಟಿದರೆ? ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವ ನನ್ನ ಅಂಗೈಗೆ ಎಲ್ಲರ ಹಣೆಯೂ ತಣ್ಣಗೇ! ನಮ್ಮ ಮನೆಯವರು ಬೇರೆ, “ನಮ್ಮಕ್ಕನ ಕೈಗುಣಾನ ಬ್ಯಾರೆ ಬಿಡು” ಎಂದು ಉರಿಯುವ ಹೊಟ್ಟೆಗೆ ಎಣ್ಣೆ ಸುರಿಯುವರು. ಹೊಟ್ಟೆಕಿಚ್ಚಿಗೆ ಗುಳಿಗೆ ಇದ್ದಿದ್ದರೆ ಕಾಲಲ್ಲ, ಇಡೀ ಡಬ್ಬಿಯನ್ನೇ ನುಂಗುತ್ತಿದ್ದೆ.

ಮಗನಿಗೆ ಎರಡು ವರ್ಷ ತುಂಬಿದಾಗ ನಮ್ಮ ಓಣಿಗೆ ದೇವಿ ಹಾಕುವವರು ಬರುತ್ತಾರೆಂದು ಸುದ್ದಿಯಾಯಿತು. ಈ ಜ್ವರವನ್ನಾದರೂ ನಾನೊಬ್ಬಳೇ ನೋಡಬೇಕು, ನಾದಿನಿಗೆ ಬಿಡಬಾರದು ಎಂದು ಹಟ ತೊಟ್ಟೆ. ಮಾನವಿಯ ತವರಿಗೆ ಹೋದಾಗ ನಮ್ಮವ್ವ ಉಪಾಯವನ್ನೂ ಕೊಟ್ಟಳು, ಒಂದು ಪೊಟ್ಟಣ ಗುಳಿಗೆಯನ್ನೂ ಕೊಟ್ಟಳು. “ದೇವಿ ಹಾಕಾಕ ಮೊದಲ ಒಂದ ನುಂಗಿಸಿಬಿಡು. ಜ್ವರಾ ಹೊಸ್ತಿಲಾನೂ ದಾಟೂದಿಲ್ಲ.” ಆಹಾ! ಜ್ವರ ಬರದಿದ್ದರೆ ನಾದಿನಿ ಯಾಕೆ ಬಂದಾಳು?

ಹಾಗೇ ಮಾಡಿದೆ. ಬೆಳಿಗ್ಗೆ ಗುಳಿಗೆ ಪುಡಿ ಮಾಡಿ ಕುಡಿಸಿದೆ. ಮಗ ಅರ್ಧವನ್ನು ನನ್ನ ಸೀರೆಯ ಮೇಲೆಯೇ ಕಕ್ಕಿದ. ಮಧ್ಯಾಹ್ನ ಎರಡೂ ತೋಳಿಗೆ ದೇವಿ ಹಾಕಿದರು. ಸಂಜೆ ಜ್ವರವಿಲ್ಲ. ಮರುದಿನ ಇಲ್ಲ. ಮೂರನೆಯ ದಿನವೂ ಇಲ್ಲ! ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ. ನಮ್ಮ ಮನೆಯವರಿಂದ ಕಾಗದ ಬರೆಸಿದೆ: “ಕೂಸಿಗೆ ದೇವಿ ಹಾಕಿಸಿ ಮೂರು ದಿನವಾಯಿತು. ಜ್ವರ ಬಂದಿರುವುದಿಲ್ಲ. ತಾವು ಬರುವ ತೊಂದರೆ ತೆಗೆದುಕೊಳ್ಳಬಾರದು.” ಕೊನೆಯ ಸಾಲನ್ನು ಎರಡು ಸಲ ಓದಿಸಿ ಕೇಳಿದೆ.

ಏಳನೆಯ ದಿನ ಬೆಳಿಗ್ಗೆ ಗೀರಿದ ಜಾಗದಲ್ಲಿ ಗುಳ್ಳೆ ತುಂಬಿ ತೋಳು ಊದಿಕೊಂಡಿತು. ರೊಟ್ಟಿ ಬಡಿಯುವ ನನ್ನ ಅಂಗೈಗೂ ಮಗನ ಮೈ ಸುಡುವುದು ತಿಳಿಯಿತೆಂದರೆ ಜ್ವರ ಎಷ್ಟಿರಬೇಕು! ನಮ್ಮ ಮನೆಯವರು ಕೆಲಸಕ್ಕೆ ಹೋಗಿದ್ದರು. ಪೊಟ್ಟಣ ಬಿಚ್ಚಿ ಇನ್ನೊಂದು ಇಡೀ ಗುಳಿಗೆ ಕುಡಿಸಿದೆ. ಪೊಟ್ಟಣವನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟು ತಿರುಗುತ್ತೇನೆ, ಬಾಗಿಲಲ್ಲಿ ನಾದಿನಿ! ದೇವದುರ್ಗದ ಬಸ್ಸಿನ ಧೂಳೆಲ್ಲ ಆಕೆಯ ತಲೆಯ ಮೇಲೆಯೇ ಇತ್ತು.

“ಕಾಗದಾ ಮುಟ್ಟಲಿಲ್ಲೇನ್ರೀ ಅಕ್ಕಾರ?” ಎಂದೆ.

“ಮುಟ್ಟಿತು. ಅದಕ್ಕ ಬಂದೆ” ಎಂದಳು. “ಈ ಜ್ವರಾ ದೇವಿ ಹಾಕಿದ ದಿನ ಬರೂದಿಲ್ಲ ತಂಗಿ. ಗುಳ್ಳಿ ತುಂಬಿದ ಮ್ಯಾಲ, ಏಳಕ್ಕೋ ಎಂಟಕ್ಕೋ ಬರತದ. ಮೂರನೇ ದಿನಾನ ಗೆದ್ದೀನಿ ಅಂತ ಬರದೀಯಲ್ಲ!”

ಅಂದರೆ ನಾನು ಮೊದಲೇ ಕೊಟ್ಟ ಗುಳಿಗೆ ಯಾವ ಜ್ವರವನ್ನು ತಡೆದಿತ್ತು? ಇಲ್ಲದ ಜ್ವರವನ್ನು! ಮಗನೋ, ಆಕೆಯನ್ನು ಕಂಡದ್ದೇ ನನ್ನ ಕಂಕುಳಿನಿಂದ ಜಾರಿ ಆಕೆಯ ತೊಡೆ ಏರಿದ. ಆಕೆ ಕೊಟ್ಟ ನೀರನ್ನು ಮಾತ್ರ ತುಟಿಗೂ ಮುಟ್ಟಿಸಿಕೊಳ್ಳಲಿಲ್ಲ. ತೋಳು ಹಿಡಿದುಕೊಂಡು ನರಳಿದ. ನಾದಿನಿ ಕಡ್ಡಿ ನೋಡಿದಳು, ಕಾಲು ಗುಳಿಗೆ ತೇಯ್ದು ಕೂಸಿಗೆ ಕುಡಿಸುವ ಒಳಲೆಗೆ ಹಾಕಿದಳು, ನನ್ನ ಕಡೆ ತಿರುಗಿದಳು.

“ಮುಂಜಾನಿಂದ ಏನರ ಕೊಟ್ಟೀಯೇನು?”

“ಇಲ್ರೀ” ಎಂದೆ. ಯಾಕೆ ಹಾಗೆಂದೆ? ಸೋತೆನೆಂದು ಒಪ್ಪಿಕೊಳ್ಳಲು ನಾಲಗೆ ಹೊರಳಲಿಲ್ಲ, ಅಷ್ಟೇ. ಒಳಲೆ ಮಗನ ತುಟಿಯ ಹತ್ತಿರ ಹೋಯಿತು. ಇಡೀ ಗುಳಿಗೆಯ ಮೇಲೆ ಇನ್ನೊಂದು! ಹಾರಿ ಆಕೆಯ ಕೈ ಹಿಡಿದುಕೊಂಡೆ. “ಬ್ಯಾಡ್ರೀ ಅಕ್ಕಾರ! ಕೊಟ್ಟೀನ್ರಿ, ಈಗ ಕೊಟ್ಟೀನಿ, ಇಡೀದು. ದೇವಿ ಹಾಕಾಕ ಮೊದಲೂ ಒಂದು ಕೊಟ್ಟಿದ್ದೆ. ನೀವು ಬರಬಾರದಂತ ಕೊಟ್ಟೆ” ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟೆ.

ಬೈಯುತ್ತಾಳೆ, ತನ್ನ ತಮ್ಮ ಬಂದ ಮೇಲೆ ಹೇಳಿ ನನ್ನ ಮಾನ ಕಳೆಯುತ್ತಾಳೆ ಎಂದು ಕಾದೆ. ಆಕೆ ಒಳಲೆಯನ್ನು ಬಚ್ಚಲಿಗೆ ಸುರಿದು ಬಂದು ಸೆರಗಿಗೆ ಒಂದು ಗಂಟು ಹಾಕಿದಳು. “ಇದು ನೀ ಕೊಟ್ಟದ್ದು. ಇವತ್ತಿಗೆ ಸಾಕು. ಇನ್ನ ಬರೇ ನೀರು, ಬಟ್ಟಿ” ಎಂದಳು. ಆಮೇಲೆ ಇಬ್ಬರೂ ಕೂತು ಸರದಿಯ ಮೇಲೆ ಬಟ್ಟೆ ಹಿಂಡಿದೆವು. ಎಷ್ಟು ಹೊತ್ತಾದರೂ ಆಕೆ ಬೀಗರ ಮಾತೊಂದನ್ನೂ ಆಡಲಿಲ್ಲ. ಆಕೆಗೂ ಭಯವಾಗಿದೆ ಎಂದು ಆಗ ನನಗೆ ತಿಳಿಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಗ ಆಕೆಯ ತೊಡೆಯ ಮೇಲೆಯೇ ಬೆವೆತ. ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, “ಯವ್ವಾ” ಎಂದು ಅತ್ತ. ಆಕೆ ತಟ್ಟಿದಳು. “ಯವ್ವಾ” ಎಂದು ಇನ್ನೂ ಜೋರಾಗಿ ಅತ್ತ. ಆಕೆ ಅವನನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಎರಡು ವರ್ಷದಿಂದ ಕಾದಿದ್ದ ಗೆಲುವು! ನಾನು ಹಿಗ್ಗಿ ಆಕೆಯ ಮುಖ ನೋಡಿದೆ.

“ಎಲ್ಲಾವೂ ಹಿಂಗ ನೋಡು” ಎಂದು ನಗುತ್ತ ಬಟ್ಟೆ ಹಿಂಡಿದಳು. “ಎಷ್ಟ ಕೂಸುಗಳ ಜ್ವರಕ್ಕ ಕುಂತೀನಿ ನಾ. ಕಡೀಕ ಎಲ್ಲಾವೂ ಯವ್ವಾ ಅಂತಾವ. ಅತ್ತೀ ಅಂತ ಒಂದೂ ಕರದಿಲ್ಲ ಬಿಡು.” ಬಟ್ಟೆಯಲ್ಲಿ ನೀರೆಲ್ಲ ಹೋದರೂ ಹಿಂಡುತ್ತಲೇ ಇದ್ದಳು. ನನ್ನ ಹಿಗ್ಗು ಅಲ್ಲಿಗೇ ಇಳಿದುಹೋಯಿತು.

ಮರುವರ್ಷ ಮಗಳು ಹುಟ್ಟಿದಳು. ತೊಟ್ಟಿಲು ತೂಗುವಾಗ, ನೀರೆರೆಯುವಾಗ, ಹಾಲು ಕುಡಿಸುವಾಗ ಯಾರಿಗೂ ಕೇಳದ ಹಾಗೆ ಅವಳಿಗೆ ಒಂದೇ ಮಾತು ಕಲಿಸಿದೆ. ಯಾವ ತಾಯಿ ಮಾಡಿಯಾಳು ಇಂಥ ಕೆಲಸ? ಅವಳಿಗೆ ಮಾತು ಬಂದ ಮೇಲೆ, ದೇವಿ ಹಾಕಿಸುವ ಮೊದಲು ನಾನೇ ಕಾಗದ ಬರೆಸಿದೆ, ಏಳನೆಯ ದಿನಕ್ಕೆ ತಪ್ಪದೆ ಬರಬೇಕೆಂದು. ಆಕೆ ಬಂದಳು, ಜ್ವರವೂ ಬಂತು. ನನ್ನ ಮಡಿಲಲ್ಲಿ ನರಳುತ್ತಿದ್ದ ಮಗಳು ಕಣ್ಣು ತೆರೆಯದೆ ತುಟಿ ಅಲುಗಿಸಿದಳು: “ಅತ್ತೀ.”

ನಾದಿನಿ ಹಸಿ ಬಟ್ಟೆ ಹಿಡಿದು ಅಲ್ಲೇ ನಿಂತಳು. “ಯಾರನ್ನ ಕರೀತು?”

“ನಿಮ್ಮನ್ನ ರೀ.”

“ಸುಳ್ಳ ಹೇಳಬ್ಯಾಡ.”

“ಅತ್ತೀ” ಎಂದು ಮಗಳು ಮತ್ತೆ ಅತ್ತಳು. ಬಟ್ಟೆ ಆಕೆಯ ಕೈಯಿಂದ ಬಿತ್ತು. ಕೂಸನ್ನು ಅವುಚಿಕೊಂಡು ಕೂತವಳು ಜ್ವರ ನೋಡುವುದನ್ನೇ ಮರೆತಳು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ನೀವು ನಂಬಬೇಡಿ. ಚೆನ್ನಾಗಿಯೇ ಉರಿಯಿತು. ಆದರೂ ಇನ್ನೊಂದು ಸಲ ಕರೆಯಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತ ಕೂತಿದ್ದೆ.