ಕೆರೆ ಏರಿಯ ಮೋನಾಲ್ ಹಕ್ಕಿ

ವಿಮಾ ಕಚೇರಿಯ ಗುಮಾಸ್ತ ವಿಷ್ಣುತೀರ್ಥ ಬಡ್ತಿಯ ಅರ್ಜಿಯಲ್ಲಿ ಒಂದೇ ಒಂದು ಸುಳ್ಳು ಬರೆದಿದ್ದ. ‘ಹವ್ಯಾಸ’ದ ಕಲಂ ಖಾಲಿ ಬಿಟ್ಟರೆ ಅರ್ಜಿ ತಿರಸ್ಕೃತವಾದೀತೆಂದು ಹೆದರಿ ‘ಹಕ್ಕಿ, ಚಿಟ್ಟೆ ವೀಕ್ಷಣೆ’ ಎಂದು ತುಂಬಿದ್ದ. ಚೆನ್ನೈನ ಪೆರಂಬೂರಿನಲ್ಲಿದ್ದ ಅವನ ಮನೆಯ ಕಿಟಕಿಯಿಂದ ಕಾಣುತ್ತಿದ್ದುದು ರೈಲುಬೋಗಿಗಳು ಮಾತ್ರ.

ಪಕ್ಕದ ಮೇಜಿನ ಗಂಗಾಧರ ಅದನ್ನು ಓದಿ, ಯಾರೂ ಕೇಳದಿದ್ದರೂ, ಮ್ಯಾನೇಜರ್ ಗಿರಿಧರ್‌ಗೆ ಮುಟ್ಟಿಸಿದ. ಪರೋಪಕಾರದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

“ಹೆಡ್ಡಾಫೀಸಿನ ಸಂಜೀವ ಸಾಹೇಬ್ರಿಗೆ ಹಕ್ಕಿ ಅಂದ್ರೆ ಪ್ರಾಣ ಕಣ್ರೀ,” ಎಂದರು ಗಿರಿಧರ್. “ಬಡ್ತಿ ಕೊಡೋರೂ ಅವರೇ. ಭಾನುವಾರ ಕೆರೆ ಕಡೆ ಹೋಗೋಣ. ನೀವು ಹೆಸರು ಹೇಳಿ, ನಾನು ಬರ್ಕೋತೀನಿ.”

ಒಂಬತ್ತು ವರ್ಷ ಕಾದ ಬಡ್ತಿ. ವಿಷ್ಣುತೀರ್ಥ ಸೌಕಾರ್‌ಪೇಟೆಯ ಫುಟ್‌ಪಾತಿನಲ್ಲಿ ರಟ್ಟೂ ಮೊದಲ ಪುಟಗಳೂ ಇಲ್ಲದ ಹಕ್ಕಿ-ಚಿಟ್ಟೆಗಳ ಪುಸ್ತಕ ಕೊಂಡು ಉರು ಹೊಡೆದ. ಮಗಳು ಮಾನ್ಯಾ ಚಿತ್ರ ನೋಡಿ, “ಅಪ್ಪಾ, ಇದೆಲ್ಲಾಂ ನಮ್ಮ ಊರ್ಲ ಇರುಕ್ಕಾ?” ಎಂದು, ಇವೆಲ್ಲ ಇಲ್ಲಿವೆಯೇ ಎಂದು ಅರ್ಧ ತಮಿಳಿನಲ್ಲಿ ಕೇಳಿದಳು.

“ಪುಸ್ತಕದಲ್ಲೇ ಇದೆಯಲ್ಲಮ್ಮ,” ಎಂದ.

ಭಾನುವಾರ ಏಪ್ರಿಲ್ ಬಿಸಿಲು ಏಳಕ್ಕೇ ತನ್ನ ಕಚೇರಿ ತೆರೆದಿತ್ತು. ಕರೆಯದ ಗಂಗಾಧರನೂ ಮುರುಕ್ಕಿನ ಡಬ್ಬಿಯೊಡನೆ ಹಾಜರಿದ್ದ. ಕೆರೆ ಏರಿಯ ಪೊದೆಯಿಂದ ಕಪ್ಪು ಮೈ, ಕೆಂಚು ರೆಕ್ಕೆಯ ದಪ್ಪ ಹಕ್ಕಿಯೊಂದು ಆಡಿಟರ್ ಗತ್ತಿನಲ್ಲಿ ನಡೆದು ಬಂತು. ವಿಷ್ಣುತೀರ್ಥ ಪುಸ್ತಕದಲ್ಲಿ ಬಣ್ಣಕ್ಕೆ ಹತ್ತಿರವಿದ್ದ ಚಿತ್ರ ನೆನೆದು, “ಮೋನಾಲ್, ಸಾರ್,” ಎಂದ.

ಆಡು ಮೇಯಿಸುತ್ತಿದ್ದ ಮುದುಕಿ, “ಅದು ಸೆಂಬೋತ್ತು ಸಾಮಿ,” ಎಂದು ಕೆಂಬೂತದ ತಮಿಳು ಹೆಸರು ಹೇಳಿದಳು.

“ಇಲ್ಲೇ ಇರೋರಿಗೆ ಏನ್ರೀ ಗೊತ್ತು,” ಎನ್ನುತ್ತ ಗಿರಿಧರ್ ಮೋನಾಲ್ ಎಂದೇ ಬರೆದುಕೊಂಡರು.

ಬಿಳಿ ಚಿಟ್ಟೆ ಹಾರಿತು. ಅದು ಪುಸ್ತಕದ ಅಪೋಲೋ ಚಿಟ್ಟೆ ಆಯಿತು. ಹನ್ನೊಂದರ ಹೊತ್ತಿಗೆ ಪಟ್ಟಿಯಲ್ಲಿ ಹದಿನೇಳು ಹೆಸರುಗಳಿದ್ದವು. ಗಿರಿಧರ್ ಕಾರಿನ ಬಾನೆಟ್ ಮೇಲೇ ಅರ್ಜಿಗೆ ಸಹಿ ಹಾಕಿ, ಪಟ್ಟಿಯ ಫೋಟೋವನ್ನು ಸಂಜೀವ ಸಾಹೇಬರಿಗೆ ಕಳಿಸಿದರು.

ಮರಳುವ ಅರ್ಧ ದಾರಿಯಲ್ಲಿ ಸಾಹೇಬರ ಫೋನ್ ಬಂತು. ಗಿರಿಧರ್ ಬಹಳ ಹೊತ್ತು “ಸಾರ್, ಸಾರ್” ಎಂದು, ಇಟ್ಟು, ವಿಷ್ಣುತೀರ್ಥನ ಕೈ ಕುಲುಕಿದರು.

“ಬಡ್ತಿ ಆಯ್ತು ಕಣ್ರೀ. ನೀವು ಹೇಳಿದ ಹದಿನೇಳೂ ಹಿಮಾಲಯ ಬಿಟ್ಟು ಕೆಳಗೇ ಇಳಿಯಲ್ವಂತೆ. ಇಷ್ಟು ಚೆನ್ನಾಗಿ ಗುರುತು ಹಿಡಿಯೋ ಮನುಷ್ಯ ಮದ್ರಾಸಲ್ಲಿ ಯಾಕೆ ಕೊಳೀಬೇಕು ಅಂದ್ರು. ಹಿಮಾಲಯದಲ್ಲೇ ಮಂಜುಬೆಟ್ಟದ ಮೇಲೊಂದು ಬ್ರಾಂಚ್ ಇದೆಯಂತೆ. ನಾಲ್ಕು ವರ್ಷದಿಂದ ಯಾರೂ ಹೋಗ್ತಿಲ್ವಂತೆ. ಸೋಮವಾರವೇ ಆರ್ಡರ್.”

ರಟ್ಟಿಲ್ಲದ ಆ ಪುಸ್ತಕ ಯಾವ ನಾಡಿನದೆಂದು ವಿಷ್ಣುತೀರ್ಥನಿಗೆ ಈಗ ತಿಳಿಯಿತು. ಹಿಂದಿನ ಸೀಟಿನಿಂದ ಗಂಗಾಧರ ಮುರುಕ್ಕಿನ ಡಬ್ಬಿ ಮುಂದೆ ಚಾಚಿದ.

“ನನ್ನ ಹತ್ರ ಮಂಕಿ ಕ್ಯಾಪ್ ಇದೆ, ತೀರ್ಥ. ಹೊಸದು. ಚೆನ್ನೈಲಿ ಉಪಯೋಗಕ್ಕೇ ಬರ್ಲಿಲ್ಲ ನೋಡು.”