ರಾಕ್ಷಸನ ಕೋಟೆಯ ಕಂದಕ ಮತ್ತು ಸೋಮವಾರದ ಬ್ಲಾಗ್

ಸಂಖ್ಯೆ: ಸಿಬ್ಬಂದಿ/ಬ್ಲಾಗ್/ರಾಕ್ಷಸ/07/2007-08
ರಾಮನಗರ, ದಿನಾಂಕ: 18-02-2008

ಸುತ್ತೋಲೆ

ವಿಷಯ: ಈ ಭೂಸ್ವಾಧೀನ ಕಚೇರಿಯ ದ್ವಿತೀಯ ದರ್ಜೆ ಸಹಾಯಕ ಶ್ರೀ ತಿಮ್ಮೇಶ್ ಅವರು ತಮ್ಮ ಮಾಯಾಲೋಕದ ಕಾದಂಬರಿಯನ್ನು ತಿದ್ದುತ್ತಾ ವಾರವಾರವೂ ಬ್ಲಾಗ್ ಬರೆಯುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ:
1) ಸದರಿಯವರ ಬ್ಲಾಗ್ ಬರಹಗಳು, ಒಟ್ಟು 41.
2) ಅದೇ ಅವಧಿಯಲ್ಲಿ ತಿದ್ದಿದ ಅಧ್ಯಾಯಗಳು, ಒಟ್ಟು 3.
3) ಕೂಟಗಲ್ಲಿನ ರೈತ ಶ್ರೀ ಮಂಚಯ್ಯನವರ ಆಕ್ಷೇಪಣೆ.

ಸದರಿ ನೌಕರರು ‘ರಾಕ್ಷಸನ ಕೋಟೆಯನ್ನು ಬೆಟ್ಟದಿಂದ ಕೆಳಗಿಳಿಸುತ್ತಿದ್ದೇನೆ’ ಎಂದು ಬ್ಲಾಗಿನಲ್ಲಿ ಪ್ರಕಟಿಸುವಾಗ, ಕಚೇರಿಯ ಕೈರೂಢಿಯಿಂದ ಹೊಸ ಜಾಗಕ್ಕೆ ಕೂಟಗಲ್ಲಿನ ಸರ್ವೆ ನಂಬರುಗಳನ್ನೂ ಚೆಕ್ಕುಬಂದಿಯನ್ನೂ ನಮೂದಿಸಿರುತ್ತಾರೆ. ಶ್ರೀ ಮೆಹಬೂಬ್ ಅವರ ಜೆರಾಕ್ಸ್ ಅಂಗಡಿಯಿಂದ ಅದರ ಪ್ರತಿಗಳು ಊರೂರಿಗೆ ಹೋಗಿ, ಸಾರ್ವಜನಿಕರು ಇದನ್ನೂ ಭೂಸ್ವಾಧೀನದ ಪ್ರಕಟಣೆಯೆಂದೇ ತಿಳಿದು 212 ಅರ್ಜಿ ಸಲ್ಲಿಸಿರುತ್ತಾರೆ. ಅರ್ಜಿ ಬಂದ ಮೇಲೆ ಕಡತ ತೆರೆಯದೆ ಗತ್ಯಂತರವಿಲ್ಲ. ಅದರಂತೆ ಕೆಳಕಂಡ ಕಟ್ಟುಪಾಡುಗಳನ್ನು ವಿಧಿಸಲಾಗಿದೆ.

1. ಬ್ಲಾಗನ್ನು ಪ್ರತಿ ಸೋಮವಾರ ತಪ್ಪದೆ ಬರೆಯತಕ್ಕದ್ದು. ತಿದ್ದುವ ಕೆಲಸ ನಡೆಯದ ವಾರ ‘ಪ್ರಗತಿ: ಶೂನ್ಯ’ ಎಂದಷ್ಟೇ ನಮೂದಿಸತಕ್ಕದ್ದು. ಏಕೆ ನಡೆಯಲಿಲ್ಲವೆಂದು ನಾಲ್ಕು ಪುಟ ಬರೆಯುವುದನ್ನು ನಿಷೇಧಿಸಿದೆ.

2. ಕರೆಂಟ್ ಇರಲಿಲ್ಲವೆಂಬ ಕಾರಣಕ್ಕೆ ಲೈನ್‌ಮನ್ ಸಹಿಯನ್ನೂ, ಸ್ಫೂರ್ತಿ ಬರಲಿಲ್ಲವೆಂಬ ಕಾರಣಕ್ಕೆ ಇಬ್ಬರು ಸಾಕ್ಷಿಗಳ ಸಹಿಯನ್ನೂ ಲಗತ್ತಿಸತಕ್ಕದ್ದು.

3. ಕಾದಂಬರಿಯ ಬೆಂಕಿಯುಗುಳುವ ಹಾರುಹಾವು ರೇಷ್ಮೆ ಹುಳುಮನೆಗಳ ಮೇಲೆ ಹಾರುವಾಗ ಬಾಯಿ ಮುಚ್ಚಿಕೊಂಡಿರತಕ್ಕದ್ದು. ಪೊರೆ ಬಿಡುವ ಮುನ್ನ ಹುಳು ನಾಲ್ಕನೇ ಜ್ವರಕ್ಕೆ ಕೂತಿರುವಾಗ ಶಾಖ ತಾಕಿದರೆ ಬೆಳೆ ಕೆಡುವುದೆಂದು ಅಕ್ಕೂರಿನವರು ತಿಳಿಸಿರುತ್ತಾರೆ. ಹಾವು ತಾನೂ ಪೊರೆ ಬಿಡುವ ಪ್ರಾಣಿಯಾದ್ದರಿಂದ ಸಹಕರಿಸುವುದೆಂದು ನಿರೀಕ್ಷಿಸಿದೆ.

4. ಕೋಟೆಯಲ್ಲಿ ಮನೆಗೊಂದು ನೌಕರಿ ಕೊಡತಕ್ಕದ್ದು. ಹೊರಗಿನವರನ್ನು ಕರೆತಂದು ಕಾವಲಿಗೆ ನಿಲ್ಲಿಸಿ, ಸ್ಥಳೀಯರನ್ನು ನುಂಗುವುದಕ್ಕೆ ಮಾತ್ರ ಬಳಸಿಕೊಳ್ಳುವುದನ್ನು ಸಹಿಸಲಾಗುವುದಿಲ್ಲ.

5. ಸಾತನೂರಿನ ಶ್ರೀಮತಿ ವೆಂಕಟಲಕ್ಷ್ಮಮ್ಮನವರು “ರಾಕ್ಷಸನ್ನ ನಮ್ ಕಡೀಕೇ ಕಳ್ಸಿ ಸಾ, ಅವ್ನ ನೆಪದಲ್ಲಾದ್ರೂ ಇನ್ನೊಂದ್ ಬಸ್ ಬತ್ತೈತೆ” ಎಂದು ಕೋರಿದ್ದು, ಕೋರಿಕೆಯನ್ನು ಸೂಕ್ತ ಕ್ರಮಕ್ಕಾಗಿ ರಾಕ್ಷಸನಿಗೆ ವರ್ಗಾಯಿಸಿದೆ.

6. ಹನ್ನೆರಡನೇ ಅಧ್ಯಾಯದಲ್ಲಿ ಬಾವಿಗಿಳಿದ ರಾಜಕುಮಾರಿ ಹತ್ತು ಸೋಮವಾರ ಕಳೆದರೂ ಮೇಲೆ ಬಂದಿರುವುದಿಲ್ಲ. ಆಕೆಯನ್ನು ಕೂಡಲೇ ಮೇಲೆತ್ತತಕ್ಕದ್ದು. ಕೆಳಸಹಿದಾರರು ಇದನ್ನು ಕೇಳುತ್ತಿರುವುದು ಆಡಳಿತದ ಹಿತದೃಷ್ಟಿಯಿಂದ ಮಾತ್ರ. ಮನೆಯಲ್ಲೂ ಕೇಳುತ್ತಿದ್ದಾರೆ.

7. ಕೋಟೆಯ ಕಂದಕವು ಶ್ರೀ ಮಂಚಯ್ಯನವರ ಎರಡು ಎಕರೆ ಹಿಪ್ಪುನೇರಳೆ ತೋಟದ ನಡುವೆ ಹಾದುಹೋಗುತ್ತಿದ್ದು, ಅವರು ಹನ್ನೊಂದು ದಿನ ಕಚೇರಿಯ ಬೆಂಚಿನ ಮೇಲೆ ಕೂತು “ಕಂದಕವ ಒಸಿ ಆಚ್ಗೆ ತಿರುಗ್ಸಿ ಸಾ, ತ್ವಾಟ ಒಂದ್ ಉಳ್ಕಳ್ಲಿ” ಎಂದು ಬೇಡಿಕೊಂಡಿರುತ್ತಾರೆ. ಇದು ಬರೀ ಕತೆಯೆಂದು ತಿಳಿಹೇಳಲಾಗಿ, “ಫ್ಯಾಕ್ಟ್ರಿ ಬತ್ತೈತಾ ಅಂತ ಕೇಳ್ದಾಗ್ಲೂ ಕತೆ ಅಂತ್ಲೇ ಅಂದಿದ್ರಿ” ಎಂದಿರುತ್ತಾರೆ. ಆ ಸೋಮವಾರ ಶ್ರೀ ತಿಮ್ಮೇಶ್ ಬ್ಲಾಗ್ ಬರೆಯದೆ ಅಧ್ಯಾಯವನ್ನೇ ತಿದ್ದಿ, ಕಂದಕವನ್ನು ತೋಟದಾಚೆಗೆ ತಿರುಗಿಸಿರುತ್ತಾರೆ. ಈ ಸುತ್ತೋಲೆಗೂ ಮೊದಲೇ ನಡೆದ, ಕಟ್ಟುಪಾಡು 1ರ ಈ ಉಲ್ಲಂಘನೆಯನ್ನು ಮನ್ನಿಸಿದೆ. ಅಧ್ಯಾಯ ಚೆನ್ನಾಗಿದೆ.

ಸಹಿ/-
ಕಚೇರಿ ಮುಖ್ಯಸ್ಥರು

ಪ್ರತಿಗಳು:
1. ಶ್ರೀ ತಿಮ್ಮೇಶ್, ಪಾಲನೆಗಾಗಿ.
2. ರಾಕ್ಷಸ, ಬೆಟ್ಟದ ಮೇಲಿನ ಹಳೆಯ ವಿಳಾಸ, ಶ್ರೀ ತಿಮ್ಮೇಶ್ ಮೂಲಕ.
3. ಶ್ರೀ ಮೆಹಬೂಬ್, ಇದರ ಪ್ರತಿ ತೆಗೆಯಬಾರದೆಂಬ ಸೂಚನೆಯೊಂದಿಗೆ, ಹತ್ತು ಪ್ರತಿ ತೆಗೆದುಕೊಡಲು.
4. ಶ್ರೀ ಮಂಚಯ್ಯ, ಕೂಟಗಲ್. ತಮ್ಮ ಆಕ್ಷೇಪಣೆಯನ್ನು ಪುರಸ್ಕರಿಸಿದ್ದು, ಈ ಕಚೇರಿ ಪುರಸ್ಕರಿಸಿದ ಮೊದಲ ಆಕ್ಷೇಪಣೆ ಇದಾಗಿರುತ್ತದೆ. ಅದೇ ತೋಟವನ್ನು ಕೈಗಾರಿಕಾ ಪ್ರದೇಶದಿಂದ ಕೈಬಿಡುವಂತೆ ತಾವು 2006ರಲ್ಲಿ ಕೊಟ್ಟ ಅರ್ಜಿ ಪರಿಶೀಲನೆಯಲ್ಲಿರುತ್ತದೆ.