ಮಾವನ ಅಕ್ಷರ, ನಮ್ಮ ಕುತ್ತಿಗೆ

ನಮ್ಮ ಮಾವನಿಗೆ ಎಪ್ಪತ್ತು ದಾಟಿದೆ. ಕುತ್ತಿಗೆ ಮಾತ್ರ ಈಗಲೂ ನೆಟ್ಟಗೆ ನಿಂತಿದೆ. ಸೊಟ್ಟಗಾಗಿರುವುದು ಅವರ ಮನೆಗೆ ಹೋಗಿ ಬಂದವರ ಕುತ್ತಿಗೆ! ನನಗೇ ಕಳೆದ ವರ್ಷ ಎಡಕ್ಕೆ ತಿರುಗಲಾರದಷ್ಟು ಹಿಡಿದುಕೊಂಡು, ಬಿಕರ್ನಕಟ್ಟೆಯ ಒಬ್ಬ ಫಿಸಿಯೋಥೆರಪಿಯವಳ ಹತ್ತಿರ ಹೋಗಬೇಕಾಯಿತು. ಭಾರ ಎತ್ತಿದಿರಾ, ದಿಂಬು ಎತ್ತರವಾಯಿತಾ, ಮೊಬೈಲು ಜಾಸ್ತಿ ನೋಡುತ್ತೀರಾ ಎಂದೆಲ್ಲ ಆ ಹುಡುಗಿ ವಿಚಾರಿಸಿದಳು. ಅದು ಯಾವುದೂ ಅಲ್ಲ, ನಮ್ಮ ಮಾವನಿಗೆ ಎಕ್ಸೆಲ್ ಬರುತ್ತದೆ ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಮಾವ ಎಂದರೆ ನನ್ನ ಗಂಡನ ಸೋದರಮಾವ, ಅಂದರೆ ನಮ್ಮ ಅತ್ತೆಯ ತಮ್ಮ. ಮದುವೆಯಾಗಲಿಲ್ಲ. ಅರ್ಧ ಆಯುಷ್ಯವನ್ನು ಗಲ್ಫಿನ ಯಾವುದೋ ಆಫೀಸಿನ ಏಸಿಯಲ್ಲಿ ಕಳೆದು, ಈಗ ಕುಲಶೇಖರದಲ್ಲಿರುವ ನಮ್ಮ ಕಂಪೌಂಡಿನಲ್ಲೇ ಹಿಂದಿನ ಚಿಕ್ಕ ಮನೆಯಲ್ಲಿದ್ದಾರೆ. ಗಲ್ಫಿನಿಂದ ಉಳಿದವರು ಸೆಂಟು, ಕಂಬಳಿ, ಖರ್ಜೂರ ತಂದರೆ ಇವರು ತಂದದ್ದು ಎಕ್ಸೆಲ್ ವಿದ್ಯೆ. ಚೌಕದೊಳಗೆ ಬಾರದ ಸಂಗತಿ ಲೋಕದಲ್ಲಿ ನಡೆದೇ ಇಲ್ಲ ಎಂಬುದು ಅವರ ಲೆಕ್ಕ. ಹಾಕಿಕೊಳ್ಳಲಿ, ಯಾರು ಬೇಡವೆಂದರು? ಆದರೆ ಚೌಕದೊಳಗೆ ಅಕ್ಷರಗಳು ಎಲ್ಲರ ಹಾಗೆ ಅಡ್ಡಕ್ಕೆ ಕೂತರೆ ಅವರಿಗೆ ಸಮಾಧಾನವಿಲ್ಲ. ಜಾಗ ಕಮ್ಮಿಯಾದರೆ ನಿಲ್ಲಿಸುತ್ತಾರೆ, ಜಾಗ ಇದ್ದರೆ ಚಂದಕ್ಕೆಂದು ಓರೆ ಮಾಡುತ್ತಾರೆ. ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ವಾರದ ಮೀನಿನ ಪಟ್ಟಿ ಅಂಟಿಸಿದ್ದಾರೆ. ಅದರಲ್ಲಿ ಬಂಗುಡೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಬೂತಾಯಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅಂಜಲ್ ಮಾತ್ರ ಓರೆಯಾಗಿ ಆಕಾಶ ನೋಡುತ್ತಿರುತ್ತದೆ. ಅದರ ರೇಟು ನೋಡಿದರೆ ಅಷ್ಟು ಜಂಬ ಇರಬೇಕಾದ್ದೇ.

ಒಮ್ಮೆ ಸ್ವಿಚ್ ಬೋರ್ಡಿಗೂ ಹೆಸರು ಅಂಟಿಸಿದರು. ಸ್ವಿಚ್ಚುಗಳ ನಡುವೆ ಜಾಗ ಸಾಲದ್ದರಿಂದ ಎಲ್ಲ ಹೆಸರುಗಳೂ ನಿಂತವು. ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ತಲೆಯನ್ನು ಹೆಗಲಿಗೆ ತಾಗಿಸಿ ಓದಿ, ಫ್ಯಾನೆಂದು ತಿಳಿದು ಪಂಪು ಹಾಕಿ, ಟ್ಯಾಂಕಿ ತುಂಬಿ ಹರಿದು ಅಂಗಳದಲ್ಲಿ ಒಣಹಾಕಿದ್ದ ಮೆಣಸೆಲ್ಲ ತೇಲಿತು. ಈ ಮನೆಯಲ್ಲಿ ಲೈಟು ಹಾಕಲು ಯೋಗಾಸನ ಕಲಿತು ಬರಬೇಕಾ ಎಂದು ಅವನು ಹೊರಡುವಾಗ ಕೇಳಿದ. ಮಾವ ಅದನ್ನು ಮೆಚ್ಚುಗೆಯೆಂದೇ ತಿಳಿದುಕೊಂಡರು.

ಅತ್ತೆ ಈ ತಮ್ಮನಿಗೆ ಪೂರ್ತಿ ವಿರುದ್ಧ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೀಡಿ ಕಟ್ಟಿ ತಮ್ಮನನ್ನು ಶಾಲೆಗೆ ಕಳಿಸಿದವರು. ಬ್ಯಾಂಕಿನಲ್ಲಿ ಈಗಲೂ ಹೆಬ್ಬೆಟ್ಟು. ಬೆಳಿಗ್ಗೆ ನನ್ನ ಗಂಡ ಮೇಜಿನ ಮೇಲೆ ಪೇಪರು ಹರಡಿಕೊಂಡು ಕೂತರೆ, ಅತ್ತೆ ಎದುರಿಗೆ ಕೂತು ಅಲಸಂಡೆ ಮುರಿಯುತ್ತಿರುತ್ತಾರೆ. ಇವತ್ತು ಮಧ್ಯಾಹ್ನ ಕರೆಂಟಿಲ್ಲವಂತೆ, ನಾಳೆ ನೀರು ಬರುವುದಿಲ್ಲವಂತೆ ಎಂದು ನನಗೆ ಹೇಳುವವರು ಅವರೇ. ನನ್ನ ಗಂಡ ಕ್ರೀಡಾಪುಟ ಮುಗಿಸಿ ಪಕ್ಕದ ಪುಟದ ಊರಿನ ಸುದ್ದಿಗೆ ಬರುವ ಮೊದಲೇ ನನ್ನ ಬಕೆಟುಗಳು ತುಂಬಿರುತ್ತವೆ. ಇದೆಲ್ಲ ಪಕ್ಕದ ಮನೆಯ ಸಿಸಿಲಿಯಾ ಬಾಯಿ ಕಂಪೌಂಡಿನಾಚೆಯಿಂದ ಕೊಡುವ ಸುದ್ದಿ ಎಂದು ನಾನು ನಂಬಿದ್ದೆ. ಸಿಸಿಲಿಯಾ ಬಾಯಿಯ ಸುದ್ದಿಮೂಲಗಳ ಬಗ್ಗೆ ನನಗೆ ಅಪಾರ ಗೌರವವಿತ್ತು.

ಅತ್ತೆಗೆ ಒಂದೇ ಹಟ, ಯಾರೂ ಕೈಹಿಡಿದು ನಡೆಸಬಾರದು. ಹಿಂದೊಮ್ಮೆ ಕಾಟಿಪಳ್ಳದ ನೆಂಟರ ಮದುವೆಗೆ ಹೋಗಿದ್ದೆವು. ಈಗಿನ ಹೊಸ ಶೋಕಿ ನೋಡಿ, ಪ್ರತಿ ಕುರ್ಚಿಯ ಎದುರಿಗೆ ಕೂರುವವರ ಹೆಸರಿನ ಚೀಟಿ. ಎಲ್ಲರೂ ಅವರವರ ಚೀಟಿ ಹುಡುಕಿ ಕೂತರು. ಅತ್ತೆ ಯಾರದೋ ಮಗುವನ್ನು ಎತ್ತಿಕೊಂಡು ಕೈತೊಳೆಯುವ ನಳ್ಳಿಯ ಹತ್ತಿರ ನಿಂತೇ ಇದ್ದರು. ನಾನು ಹೋಗಿ ಕೈ ಹಿಡಿದೆ.

“ನಾನೆಂತ ಮಗುವಾ? ನನಗೆ ಹಸಿವಿಲ್ಲ, ನೀನು ಹೋಗು,” ಎಂದರು.

ಹಸಿವಿಲ್ಲದ ಅತ್ತೆ ಮನೆಗೆ ಬಂದು ತಣ್ಣನೆಯ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಂಡರು. ಅದನ್ನು ನಾನು ನೋಡಿದೆ, ಮಾವನೂ ನೋಡಿದರು. ಆದ್ದರಿಂದ ನಮ್ಮ ಮಗಳ ನಿಶ್ಚಿತಾರ್ಥ ಗೊತ್ತಾದ ಕೂಡಲೇ ಮಾವ ಬಂದು, ಊಟಕ್ಕೆ ಕೂರಿಸುವ ಏರ್ಪಾಡು ತನ್ನದು ಎಂದು ಘೋಷಿಸಿಬಿಟ್ಟರು.

“ಈ ಸಲ ಅಕ್ಕ ಮೊದಲ ಪಂಕ್ತಿಯಲ್ಲೇ ಉಣ್ಬೇಕು. ಅವಳಾಗಿಯೇ ಹೋಗಿ ಕೂತ್ಕೊಳ್ಬೇಕು. ಯಾರೂ ಕೈ ಹಿಡಿದು ಎಳೀಲಿಕ್ಕಿಲ್ಲ,” ಎಂದರು.

ಅದಕ್ಕೇನು, ಒಳ್ಳೆಯ ಮಾತಲ್ಲವೇ? ನಾವು ಒಪ್ಪಿದೆವು. ಅಕ್ಕನನ್ನು ಕೂರಿಸುವ ದಾರಿ ಎಕ್ಸೆಲ್ಲಿನ ಮೂಲಕ ಹಾದುಹೋಗುತ್ತದೆಂದು ಯಾರಿಗೆ ಗೊತ್ತಿತ್ತು!

ಮಾವ ಸಮಾರಂಭದ ಹಾಲ್‌ನ ನಕ್ಷೆ ಬಿಡಿಸಿದರು. ಉದ್ದನೆಯ ಮೇಜುಗಳು, ಎರಡೂ ಬದಿಗೆ ಎದುರುಬದುರು ಕುರ್ಚಿಗಳು, ಪ್ರತಿ ಕುರ್ಚಿಗೊಂದು ಚೌಕ, ಚೌಕದಲ್ಲಿ ಹೆಸರು. ಬಾಗಿಲಲ್ಲಿ ದೊಡ್ಡದಾಗಿ ತೂಗುಹಾಕುವುದು, ಬಂದವರು ನೋಡಿಕೊಂಡು ಹೋಗಿ ಕೂರುವುದು. ಇಲ್ಲಿಯವರೆಗೆ ಸರಿ. ಆದರೆ ಮೇಜಿನ ಈಚೆ ಬದಿಯವರ ಹೆಸರು ನೆಟ್ಟಗಿದ್ದರೆ ಆಚೆ ಬದಿಯವರದ್ದು ತಲೆಕೆಳಗಾಗಿಯೇ ಇರಬೇಕಂತೆ, ಅವರು ಎದುರಿಗೆ ಕೂರುವವರಲ್ಲವೇ! ಇದಕ್ಕೆ ಎಕ್ಸೆಲ್ ಒಪ್ಪಲಿಲ್ಲ. ಅಕ್ಷರವನ್ನು ಮೇಲ್ಮುಖವಾಗಿ ನಿಲ್ಲಿಸುತ್ತದೆ, ಕೆಳಮುಖವಾಗಿ ನಿಲ್ಲಿಸುತ್ತದೆ, ನಡುವೆ ಎಷ್ಟು ಬೇಕಾದರೂ ಓರೆ ಮಾಡುತ್ತದೆ. ಪೂರ್ತಿ ತಲೆಕೆಳಗೆ ಮಾಡು ಎಂದರೆ ಮಾತ್ರ ಕೈಯೆತ್ತುತ್ತದೆ. ಮಾವ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ.

ಪ್ರಿಂಟು ತೆಗೆದು ಕಾಗದವನ್ನೇ ತಿರುಗಿಸಿದರೆ ಆಯಿತಲ್ಲ ಎಂದೆ. ಆಗ ಈಚೆಯವರು ತಲೆಕೆಳಗಾಗುತ್ತಾರೆ ಎಂದು ಮಾವ ನನ್ನನ್ನು ಕನಿಕರದಿಂದ ನೋಡಿದರು. ಎಲ್ಲರ ಹೆಸರೂ ನೆಟ್ಟಗಿದ್ದರೆ ಆಕಾಶವೇನು ಬೀಳುತ್ತದಾ ಎಂದು ನನ್ನ ಗಂಡ ಕೇಳಿದರು. ಅದೊಂದು ಆಗುವುದಿಲ್ಲ ಎಂದು ಮಾವ ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದರು. ಇಷ್ಟು ವರ್ಷ ಅವರ ಹುಚ್ಚಿಗೆ ನಗುತ್ತಿದ್ದ ನನಗೂ ಅಂದು ಸಿಟ್ಟೇ ಬಂತು. ಮದುವೆ ಮನೆಯಲ್ಲಿ ಮಾಡಲು ಬೇರೆ ಕೆಲಸ ಎಷ್ಟಿಲ್ಲ!

ಆಮೇಲೆ ಹಿಂದಿನ ಮನೆಯಿಂದ ಹಗಲೆಲ್ಲ ಯಾರೋ ಇಂಗ್ಲಿಷಿನಲ್ಲಿ ಪಾಠ ಮಾಡುವ ಸದ್ದು ಕೇಳಿಸತೊಡಗಿತು. ಮಾವ ವಿಡಿಯೋ ನೋಡಿ ಎಕ್ಸೆಲ್ಲಿಗೆ ಆಜ್ಞೆ ಕೊಡುವ ಸ್ಕ್ರಿಪ್ಟ್ ಬರೆಯಲು ಕಲಿಯುತ್ತಿದ್ದರು! ಅದರ ಗುಟ್ಟನ್ನು ನನಗೂ ವಿವರಿಸಿದರು. ಚೌಕದೊಳಗಿನ ಹೆಸರನ್ನು ಕಾಣದ ಹಾಗೆ ಬಿಳಿ ಮಾಡುವುದು, ಅದರ ಮೇಲೆ ಅದೇ ಹೆಸರಿರುವ ಒಂದು ತೇಲುವ ಪೆಟ್ಟಿಗೆ ಇಡುವುದು, ಆ ಪೆಟ್ಟಿಗೆಯನ್ನು ಪೂರ್ತಿ ತಿರುಗಿಸುವುದು. ಚೌಕ ತಿರುಗುವುದಿಲ್ಲ, ಮೇಲೆ ಕೂತದ್ದು ತಿರುಗುತ್ತದೆ. ಒಂದು ಬಟನ್ ಒತ್ತಿದರೆ ನೂರು ಹೆಸರಿಗೂ ಅದೇ ಗತಿ. ನಮ್ಮನ್ನೆಲ್ಲ ಕರೆದು ಕೂರಿಸಿ ಬಟನ್ ಒತ್ತಿದರು. ನನ್ನ ಹೆಸರು ಕಣ್ಣೆದುರೇ ಶೀರ್ಷಾಸನ ಹಾಕಿತು. ಅತ್ತೆ ಸೊಂಟಕ್ಕೆ ಕೈಕೊಟ್ಟು ಪರದೆಯನ್ನು ಬಹಳ ಹೊತ್ತು ನೋಡಿ ಒಳಗೆ ಹೋದರು.

ಮೊದಲ ಪ್ರಯೋಗಕ್ಕೆ ಬಲಿಯಾದವರು ಸಿಸಿಲಿಯಾ ಬಾಯಿ. ಅವರ ಇಗರ್ಜಿಯ ವಾರ್ಡಿನಲ್ಲಿ ದಿನಕ್ಕೊಂದು ಮನೆಯಲ್ಲಿ ಜಪಸರ ಪ್ರಾರ್ಥನೆ. ಯಾವ ದಿನ ಯಾರ ಮನೆ ಎಂಬ ಪಟ್ಟಿಯನ್ನು ಮಾವ ತಾನಾಗಿ ಕೇಳಿ ಪಡೆದು ಚಂದ ಮಾಡಿದರು. ನಡುವೆ ಎರಡು ಮನೆಯವರು ದಿನ ಬದಲಾಯಿಸಿಕೊಂಡರು. ಮಾವ ಹೆಸರು ತಿದ್ದಿ ಬಟನನ್ನು ಇನ್ನೊಮ್ಮೆ ಒತ್ತಿದರು. ಹಳೆಯ ಪೆಟ್ಟಿಗೆಯನ್ನು ತೆಗೆಯಲು ಸ್ಕ್ರಿಪ್ಟಿಗೆ ಅವರು ಹೇಳಿಯೇ ಇರಲಿಲ್ಲ! ಹಳೆಯ ಹೆಸರಿನ ಮೇಲೆ ಹೊಸ ಹೆಸರು ಕೂತು, ಅರ್ಧ ವಾರ್ಡು ಒಂದು ಮನೆಗೆ, ಅರ್ಧ ವಾರ್ಡು ಇನ್ನೊಂದು ಮನೆಗೆ ಹೋಯಿತು. ಒಂದು ಕಡೆ ಹಾಡಲು ಬರುವವರೆಲ್ಲ ಇದ್ದರಂತೆ, ಇನ್ನೊಂದು ಕಡೆ ಕಟ್ಲೆಟ್ ಎಲ್ಲ ಇತ್ತಂತೆ. ಸಿಸಿಲಿಯಾ ಬಾಯಿ ಎರಡು ದಿನ ಕಂಪೌಂಡಿನ ಹತ್ತಿರ ಬರಲಿಲ್ಲ. ಆ ಎರಡು ದಿನವೂ ಅತ್ತೆ ಕರೆಂಟಿನ ಸುದ್ದಿ ಸರಿಯಾಗಿಯೇ ಹೇಳಿದರು. ನನ್ನ ತಲೆಗೆ ಆಗಲೂ ಹೋಗಲಿಲ್ಲ ನೋಡಿ.

ಎರಡನೆಯ ಅನಾಹುತ ನಮ್ಮದೇ ನಕ್ಷೆಯಲ್ಲಿ ಆಯಿತು. ನಿಶ್ಚಿತಾರ್ಥದ ಹಿಂದಿನ ವಾರ ಮಾವ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದರು. ಚೌಕದೊಳಗಿನ ಹೆಸರುಗಳು ಅವರವರ ಮೇಜಿನ ಗುರುತಿನ ಸಮೇತ ವಿಧೇಯವಾಗಿ ಜಾಗ ಬದಲಿಸಿದವು. ಮೇಲಿನ ಪೆಟ್ಟಿಗೆಗಳು ತೇಲುವವಲ್ಲವೇ, ಇದ್ದಲ್ಲೇ ಉಳಿದವು. ಹುಡುಗನ ಅಜ್ಜ, ಮೀನು ಮಾಂಸ ಬಿಟ್ಟು ಎಷ್ಟೋ ವರ್ಷವಾದವರು, ಕೋಳಿಸಾರಿನ ಕೋರಿರೊಟ್ಟಿಯ ಮೇಜಿಗೆ ಬಂದರು. ಪಲ್ಯ ಬಡಿಸಿದರೆ ಅವಮಾನವೆಂದು ತಿಳಿಯುವ ನನ್ನ ಅಣ್ಣ ಸಸ್ಯಾಹಾರದ ಮೇಜಿಗೆ ಹೋದ. ನಮ್ಮ ಅತ್ತೆಯಂತೂ ವೇದಿಕೆಯ ಮೇಲೆ, ಹುಡುಗನ ಪಕ್ಕದಲ್ಲಿ, ಉಂಗುರ ತೊಡಿಸಿಕೊಳ್ಳುವ ಕುರ್ಚಿಯಲ್ಲಿದ್ದರು!

ಇನ್ನು ಸಾಕು, ಈವೆಂಟಿನವರಿಗೆ ಕೊಟ್ಟುಬಿಡುವ ಎಂದು ನನ್ನ ಗಂಡ ಫೋನು ತೆಗೆದರು. ಮಾವ ಜಗಳವಾಡುತ್ತಾರೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವರು ಆಡಲಿಲ್ಲ.

“ಒಂದೇ ಸಲ ಬಿಡು ಮಗಾ. ಅಕ್ಕ ಉಣ್ಣದೆ ಬಂದ್ರೆ ನಾನು ಮತ್ತೆ ಈ ಲ್ಯಾಪ್‌ಟಾಪ್ ಮುಟ್ಟುದಿಲ್ಲ,” ಎಂದರು.

ಆಮಿಷ ದೊಡ್ಡದೇ ಆಗಿತ್ತು, ಸುಳ್ಳು ಯಾಕೆ ಹೇಳಲಿ! ಆದರೆ ಅವರ ಧ್ವನಿ ಕೇಳಿದ ಮೇಲೆ, ಫೋನನ್ನು ಗಂಡನ ಕೈಯಿಂದ ನಾನೇ ತೆಗೆದಿಟ್ಟೆ.

ನಿಶ್ಚಿತಾರ್ಥದ ದಿನ ಉಂಗುರದ ಶಾಸ್ತ್ರ ಮುಗಿದು ಊಟದ ಹೊತ್ತಾಯಿತು. ಹಾಲ್‌ನ ಬಾಗಿಲಲ್ಲಿ ಮಾವ ಮತ್ತೆ ತಿದ್ದಿದ ನಕ್ಷೆ ಆಳೆತ್ತರಕ್ಕೆ ತೂಗುತ್ತಿತ್ತು. ಅರ್ಧ ಹೆಸರು ನೆಟ್ಟಗೆ, ಅರ್ಧ ಹೆಸರು ತಲೆಕೆಳಗೆ. ಅದರ ಮುಂದಿನ ದೃಶ್ಯ ನೀವು ನೋಡಬೇಕಿತ್ತು. ರೇಷ್ಮೆ ಸೀರೆಯವರೆಲ್ಲ ಕುತ್ತಿಗೆಯನ್ನು ಹೆಗಲ ಮೇಲೆ ಮಲಗಿಸಿದ್ದರು, ಮಲ್ಲಿಗೆ ಜಡೆಯಿಂದ ಜಾರುತ್ತಿತ್ತು. ಒಬ್ಬರು ಮೊಬೈಲಿನಲ್ಲಿ ಫೋಟೋ ಹೊಡೆದು ಮೊಬೈಲನ್ನು ತಿರುಗಿಸಿದರೆ, ಅದು ಫೋಟೋವನ್ನೂ ತಿರುಗಿಸಿ ಮತ್ತೆ ತಲೆಕೆಳಗೆ ತೋರಿಸಿತು. ನನ್ನ ಅಣ್ಣ ನಕ್ಷೆಗೆ ಬೆನ್ನು ಹಾಕಿ ಹಿಂದಕ್ಕೆ ಬಗ್ಗಿ ಓದಲು ನೋಡಿ ಬಿದ್ದು, ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಹುಡುಗನ ಕಡೆಯವರು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ನನ್ನ ಗಂಡ ನನ್ನನ್ನು ನೋಡಿದ ನೋಟದಲ್ಲಿ ಈವೆಂಟಿನವರ ನಂಬರಿತ್ತು. ಮಾವ ಮಾತ್ರ ಯಾರನ್ನೂ ನೋಡದೆ, ಅಡುಗೆ ಮನೆಯ ಬಾಗಿಲನ್ನೇ ನೋಡುತ್ತಾ ಕಂಬಕ್ಕೆ ಒರಗಿ ನಿಂತಿದ್ದರು.

ಅತ್ತೆ ಅಲ್ಲಿಂದಲೇ ಬಂದರು. ಸೀದಾ ನಳ್ಳಿಯ ಕಡೆಗೆ ಹೊರಟವರು ಗುಂಪು ನೋಡಿ ನಿಂತರು. ನಕ್ಷೆಯನ್ನು ನೋಡಿದರು. ಅಷ್ಟು ಡೊಂಕು ಕುತ್ತಿಗೆಗಳ ನಡುವೆ ಅವರದ್ದೊಂದೇ ನೆಟ್ಟಗಿತ್ತು. ತುಟಿ ಮೆಲ್ಲಗೆ ಆಡುತ್ತಿತ್ತು. ಬೆರಳು ಒಂದು ಸಾಲಿನ ಮೇಲೆ ಬಲದಿಂದ ಎಡಕ್ಕೆ ಸರಿಯುತ್ತಿತ್ತು.

“ಸಿಸಿಲಿಯಾ ಬಾಯಿ, ನಿಮ್ದು ಕಿಟಕಿ ಬದಿಯ ಮೇಜು. ಕೊನೆಯ ಕುರ್ಚಿ,” ಎಂದರು.

ಸಿಸಿಲಿಯಾ ಬಾಯಿ ಕುತ್ತಿಗೆ ಎತ್ತುವುದನ್ನೂ ಮರೆತು ಅವರನ್ನು ನೋಡಿದರು. ಅಷ್ಟರಲ್ಲಿ ಅತ್ತೆ ನನ್ನ ಅಣ್ಣನಿಗೆ ಅವನ ಕೋರಿರೊಟ್ಟಿಯ ಮೇಜು ತೋರಿಸಿಯಾಗಿತ್ತು. ಆಮೇಲೆ ಒಬ್ಬೊಬ್ಬರಾಗಿ ಅವರನ್ನೇ ಕೇಳತೊಡಗಿದರು. ಅತ್ತೆ ಹೇಳುತ್ತಾ ಹೋದರು. ಗುಂಪು ಕರಗಿದ ಮೇಲೆ ಬೆರಳು ಮೊದಲ ಮೇಜಿನ ಆಚೆ ಬದಿಗೆ ಬಂದು ನಿಂತಿತು. ಅಲ್ಲಿದ್ದ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅದು ಅವರ ಹೆಸರು. ಸೆರಗಿಗೆ ಕೈ ಒರಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಿ, ಕುರ್ಚಿ ಎಳೆದು ಎಲೆಯ ಮುಂದೆ ಕೂತರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಂಬದ ಹತ್ತಿರ ಹೋದೆ.

“ಅತ್ತೆಗೆ ಓದ್ಲಿಕ್ಕೆ ಬರ್ತದಾ ಮಾವ?”

“ಬರ್ತದೆ. ಹೀಗೆ ಇದ್ರೆ ಬರ್ತದೆ,” ಎಂದು ಅಂಗೈಯನ್ನು ತಲೆಕೆಳಗೆ ತಿರುಗಿಸಿ ತೋರಿಸಿದರು.

ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಸಂಜೆ ಹೊತ್ತು ಜಗಲಿಯಲ್ಲಿ ಮಾವ ಪುಸ್ತಕ ಇಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದರಂತೆ. ಎದುರಿಗೆ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಅಕ್ಕ. ಕೈ ಅದರಷ್ಟಕ್ಕೆ ಕಟ್ಟುತ್ತಿತ್ತು, ಕಣ್ಣು ಪುಸ್ತಕದ ಮೇಲಿರುತ್ತಿತ್ತು. ಹಾಗೆಯೇ ಅಷ್ಟೂ ಅಕ್ಷರ ಕಲಿತರು, ಎಲ್ಲವನ್ನೂ ಆಚೆ ಬದಿಯಿಂದ. ಒಮ್ಮೆ ಎಲ್ಲರೆದುರು ಪುಸ್ತಕ ತಲೆಕೆಳಗಾಗಿ ಹಿಡಿದು ಓದಹೋದಾಗ ನೆರೆಯವರು ನಕ್ಕರಂತೆ. ಆಮೇಲೆ ಅತ್ತೆ ಯಾವ ಕಾಗದವನ್ನೂ ಕೈಯಲ್ಲಿ ಹಿಡಿಯಲಿಲ್ಲ.

“ಒಂದು ದಿನ ಆದ್ರೂ ನಾನು ಅವಳ ಕಡೆ ತಿರುಗಿಸಿ ಇಡ್ಬಹುದಿತ್ತು,” ಎಂದರು ಮಾವ. “ಪುಸ್ತಕ ಯಾವಾಗ್ಲೂ ನನ್ನ ಕಡೆಗೇ ಇತ್ತು.”

ಅಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ ಕೈಬೀಸಿ, ಎಲೆ ಹಾಕಿಯಾಯಿತು, ನೀನು ಎಂತ ಕಂಬ ಕಾಯ್ತೀಯ ಮಾರಾಯ ಎಂದು ತಮ್ಮನನ್ನು ಕರೆದರು. ನಕ್ಷೆಯಲ್ಲಿ ಮಾವನ ಹೆಸರು ಇದ್ದದ್ದು ಅತ್ತೆಯ ಎದುರಿನ ಕುರ್ಚಿಯಲ್ಲೇ. ಮಾವ ಹೋಗಿ ಅಲ್ಲಿ ಕೂತರು. ಅತ್ತೆ ಅನ್ನ ಕಲಸಿ ಮೊದಲ ತುತ್ತು ಬಾಯಿಗಿಡುವವರೆಗೂ ಅವರು ಎಲೆ ಮುಟ್ಟಲಿಲ್ಲ. ಆಮೇಲೆ ತಲೆ ತಗ್ಗಿಸಿ ಉಣ್ಣತೊಡಗಿದರು. ಆ ಕುತ್ತಿಗೆ ಬಗ್ಗಿದ್ದನ್ನು ನಾನು ನೋಡಿದ್ದು ಅಂದೇ ಮೊದಲು.